ಪಟ್ಟು ಬಿಡುವ ಬಗೆ

ತೊಂಬತ್ತರ ದಶಕದಲ್ಲಿ ಜರ್ಮನ್‌ಟೌನಿನ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಅಂಕಲ್, ಜಪಾನಿನ ಹಳೆಯ ಕುಸ್ತಿಯ ಕ್ಯಾಸೆಟ್ಟುಗಳನ್ನು ನೋಡಿ, ವಿಮರ್ಶೆ ಬರೆದು ಗೆಳೆಯರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಯಾರು ಗೆದ್ದರೆಂಬುದನ್ನೇ ಬರೆಯುತ್ತಿರಲಿಲ್ಲ. ಓದಿದವರು ಬೈದರೂ ತಿದ್ದಿಕೊಳ್ಳಲಿಲ್ಲ. ಆ ಕುಸ್ತಿಯಲ್ಲಿ ಪಟ್ಟಿಗೆ ಸಿಕ್ಕಿಬಿದ್ದವನು ಅಂಕಣದ ಸುತ್ತಲಿನ ಹಗ್ಗ ಹಿಡಿದರೆ ಎದುರಾಳಿ ಕೂಡಲೇ ಪಟ್ಟು ಬಿಡಬೇಕು. ಅಂಕಲ್ ಅಲ್ಲೇ ಟೇಪ್ ನಿಲ್ಲಿಸಿ, "ಹೇಗೆ ಬಿಟ್ಟ ನೋಡಿದ್ಯಾ?" ಎನ್ನುತ್ತಿದ್ದರು. ಮೈಸೂರಿನ ಗರಡಿಯಲ್ಲಿ ಪಳಗಿದ ಕಣ್ಣು ಅದು. ತಡವಾಗಿ ಬಿಟ್ಟವನು ಗೆದ್ದರೂ ಅವರಿಂದ ಮಾರ್ಕ್ಸ್ ಸಿಗುತ್ತಿರಲಿಲ್ಲ.

ಅಂಕಲ್ಲರ ಮಗಳು ಕಾಲೇಜು ಸೇರಲು ಅಟ್ಲಾಂಟಾಕ್ಕೆ ಹೊರಟ ಬೆಳಿಗ್ಗೆ, ಕಾರಿನ ಕಿಟಕಿಯೊಳಗೆ ಕೈಹಾಕಿ ಅವಳ ಕೈ ಹಿಡಿದೇ ನಿಂತರು.

"ಅಪ್ಪಾ, ಐ ಹ್ಯಾವ್ ಟು ಗೋ," ಎಂದಳು.

ಥಟ್ಟನೆ ಬಿಟ್ಟರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ, ನನ್ನ ಮುಖ ನೋಡದೆ ಕೇಳಿದರು:

"ಬಿಡೋಕೆ ಲೇಟ್ ಮಾಡ್ಲಿಲ್ಲ ತಾನೇ?"