ಬೇಗಮ್‌ಗೆ ಒಗ್ಗದ ಅತ್ತರು

ಮಹಾಲಕ್ಷ್ಮಿ ರೇಸ್‌ಕೋರ್ಸಿನ ಲಾಯದಲ್ಲಿ ಇಪ್ಪತ್ತಾರು ವರ್ಷದಿಂದ ಕುದುರೆ ನೋಡಿಕೊಂಡಿದ್ದ ಬಾಷಾನಿಗೆ ಒಂದು ಜಂಬವಿತ್ತು. ಓಟಕ್ಕೆ ಮುಂಚೆ ಕುದುರೆಯನ್ನು ಒಂದು ಸುತ್ತು ನಡೆಸಿದರೆ ಸಾಕು, ಅದರ ಮೈಯೂ ಮನಸ್ಸೂ ತನಗೆ ತಿಳಿದುಬಿಡುತ್ತವೆ ಎಂಬ ಜಂಬ. ಸುಳ್ಳಲ್ಲ ಬಿಡಿ, ತಿಳಿಯುತ್ತಿತ್ತು. ಬೆಳಿಗ್ಗೆ ಕುದುರೆ ತಿಂದ ದಾಣಿಯ ಬಕೆಟ್ಟಿನ ತಳ ನೋಡುವನು, ಲದ್ದಿ ನೋಡುವನು, ಹಿಂಗಾಲು ಮುಂಗಾಲಿನ ಹೆಜ್ಜೆ ದಾಟಿ ಎಷ್ಟು ಮುಂದೆ ಬೀಳುತ್ತದೆಂದು ನೋಡುವನು. ಕಿವಿ ಮುಂದಕ್ಕೆ ನಿಂತಿದ್ದರೆ ಕುದುರೆ ಖುಷಿಯಲ್ಲಿದೆ, ಹಿಂದಕ್ಕೆ ಅಂಟಿದ್ದರೆ ಸಿಟ್ಟಿನಲ್ಲಿದೆ. ತೊಡೆಸಂದಿಯಲ್ಲಿ ಬಿಳಿ ನೊರೆಯ ಬೆವರು ಕಂಡಿತೋ, ಅದು ಓಡುವ ಮೊದಲೇ ಓಡಿ ಮುಗಿಸಿದೆ ಎಂದೇ ತಿಳಿಯಬೇಕು. ಟ್ರೇನರ್ ಸಾಹೇಬರು ಕೂಡ ಕುದುರೆ ಡಾಕ್ಟರರ ಮಾತು ಕೇಳಿದ ಮೇಲೆ ಒಮ್ಮೆ ಬಾಷಾನ ಮುಖ ನೋಡುತ್ತಿದ್ದರು. ಇನ್ನು ಅವನ ಕಾಲು ನೆಲದ ಮೇಲೆ ನಿಲ್ಲುವುದುಂಟೆ!

ಈ ಜಂಬಕ್ಕೆ ಸೊಪ್ಪು ಹಾಕದವಳು ಒಬ್ಬಳೇ, ಅವನ ಹೆಂಡತಿ ನಜ್ಮಾ. ಕಾಂದಿವಲಿಯ ಚಾಳಿನ ಮೆಟ್ಟಿಲು ಹತ್ತುವಾಗಲೇ ಗಂಡನ ಲಾಯದ ವಾಸನೆ ಮೂರನೇ ಮಹಡಿಗೆ ಬಂದು ಬಾಗಿಲು ತಟ್ಟುತ್ತಿತ್ತು. ಅದಾದರೂ ಹೋಗಲಿ. ಅವನು ನೋಡಿಕೊಳ್ಳುವ ಕಂದು ಕುದುರೆಗೆ ಕಾಗದದ ಮೇಲೆ ಉದ್ದನೆಯ ಇಂಗ್ಲಿಷ್ ಹೆಸರಿದ್ದರೂ ಅವನು ಅದನ್ನು ‘ಬೇಗಮ್’ ಎಂದು ಕರೆಯುತ್ತಿದ್ದ. ಕಟ್ಟಿಕೊಂಡ ಹೆಂಡತಿ ಮಾತ್ರ ಮದುವೆಯಾದ ದಿನದಿಂದ ‘ಏ, ಕೇಳಿಲ್ಲಿ’ ಆಗಿಯೇ ಉಳಿದಿದ್ದಳು.

ಸೀಜನ್ನಿನ ಕೊನೆಯ ಭಾನುವಾರ ಬಂತು. ಓಟಕ್ಕೆ ಮುಂಚೆ ಕುದುರೆಗಳನ್ನು ಜನರೆದುರು ಸುತ್ತು ಹಾಕಿಸುವ ಅಂಗಳಕ್ಕೆ ಪ್ಯಾಡಾಕ್ ಎನ್ನುತ್ತಾರೆ. ಅಲ್ಲಿ ಕುದುರೆಯನ್ನು ಎಲ್ಲರಿಗಿಂತ ಚೆಂದವಾಗಿ ತಂದು ನಿಲ್ಲಿಸಿದ ಆಳಿಗೆ ಅಂದು ಬಹುಮಾನ. ಅದನ್ನು ಕೇಳಿ ನಜ್ಮಾ ಮೊದಲ ಬಾರಿಗೆ ರೇಸ್‌ಕೋರ್ಸಿಗೆ ಬಂದಳು. ಬರಿಗೈಯಲ್ಲಿ ಬರಲಿಲ್ಲ, ಚೀಲದಲ್ಲಿ ಸಾಬೂನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಂದು ಅತ್ತರಿನ ಶೀಶೆ.

“ಅಜೀ, ಸೂಟುಬೂಟಿನ ಮಂದಿ ಮುಂದ ನನ್ನ ಮಾನ ತೆಗೀಬ್ಯಾಡ್ರಿ,” ಎಂದು ಗಂಡನನ್ನು ಲಾಯದ ನಲ್ಲಿಗೆ ಎಳೆದೊಯ್ದಳು. ಎರಡು ಸಲ ಸಾಬೂನು ಹಚ್ಚಿಸಿದಳು. ಕಿವಿಯ ಹಿಂದೆ, ಕುತ್ತಿಗೆಗೆ, ಮುಂಗೈಗೆ ಅತ್ತರು ತೀಡಿದಳು. ಶೀಶೆಯಲ್ಲಿ ಉಳಿದದ್ದನ್ನು ಹಾಳಾಗುವುದೇಕೆಂದು ಎದೆಗೆ ಸುರಿದಳು. ಬೆಳಗಿನ ಕೆಲಸದ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಮೊಳೆಗೆ ತಗುಲಿಹಾಕಿದಳು. ಬಾಷಾ ಮದುಮಗನ ಹಾಗೆ ಬೀಗುತ್ತ ಬೇಗಮ್ ಹತ್ತಿರ ಹೋದ.

ಬೇಗಮ್ ಕಿವಿಗಳನ್ನು ತಲೆಗೆ ಅಂಟಿಸಿತು. ಬಾಲ ಬೀಸಿತು. ಲಗಾಮು ಹಾಕಹೋದರೆ ಹಲ್ಲು ಬಿಗಿಹಿಡಿಯಿತು, ಕಣ್ಣಿನ ಬಿಳಿ ತೋರಿಸಿತು. ಹತ್ತು ನಿಮಿಷದಲ್ಲಿ ತೊಡೆಸಂದಿಯಲ್ಲಿ ನೊರೆ! ಬಾಷಾ ನೊರೆಯನ್ನು ಬೆರಳಲ್ಲಿ ಒರೆಸಿ ನೋಡಿದ. ಇದೇ ಸೀಜನ್ನಿನಲ್ಲಿ ಎರಡು ಸಲ, ಕೆಮ್ಮಿಗೆ ಒಮ್ಮೆ, ಕಾಲು ಬಾತದ್ದಕ್ಕೆ ಒಮ್ಮೆ, ಇವನ ಮಾತಿನ ಮೇಲೆಯೇ ಬೇಗಮ್ ಓಟ ತಪ್ಪಿಸಿಕೊಂಡಿತ್ತು. ಇವತ್ತೂ ಓಡದಿದ್ದರೆ ಪುಣೆಯ ಸವಾರಿ ಶಾಲೆಗೆ ಮಾರಿಬಿಡುತ್ತೇನೆ ಎಂದು ಮಾಲೀಕರು ಹೇಳಿಯಾಗಿತ್ತು. ಓಡಲಿ ಎಂದುಬಿಟ್ಟರೆ ಕುದುರೆ ತನ್ನ ಬಳಿಯೇ ಉಳಿದೀತು, ಆದರೆ ಓಟದ ನಡುವೆ ಬಿದ್ದು ಕಾಲು ಮುರಿದುಕೊಂಡರೆ?

ಬಾಷಾ ಟ್ರೇನರ್ ಸಾಹೇಬರ ಮುಂದೆ ಹೋಗಿ ನಿಂತ. “ಸಾಹೇಬ್, ಆಜ್ ನಹೀ ದೌಡೇಗಿ,” ಇವತ್ತು ಇವಳು ಓಡುವುದಿಲ್ಲ ಎಂದ.

ಸಾಹೇಬರು ಕುದುರೆಯ ನೊರೆ ನೋಡಿದರು, ಬಾಷಾನ ಮುಖ ನೋಡಿದರು, ಓಟದ ಪಟ್ಟಿಯಿಂದ ಬೇಗಮ್ ಹೆಸರು ತೆಗೆಸಲು ಆಫೀಸಿನ ಕಡೆ ಹೊರಟರು.

ಪಕ್ಕದ ಕುದುರೆಯ ಆಳು ಅಣವೀರಪ್ಪ, ಸಿಂದಗಿ ಕಡೆಯವನು, ಬಂದು ಬೇಗಮ್‌ನ ಹಗ್ಗ ಹಿಡಿದ. “ಬಾಷಾಭಾಯ್, ಮಾರಿ ತೊಳ್ಕೊಂಡ ಬಾ ಹೋಗು, ಅಳಾಕ ಹತ್ತೀದಿ.” ಬಾಷಾ ಹೋದ. ತಿರುಗಿ ಬರುವಾಗ ನೋಡುತ್ತಾನೆ, ಬೇಗಮ್ ಅಣವೀರಪ್ಪನ ಹೆಗಲ ಮೇಲೆ ಗದ್ದವಿಟ್ಟು ತಣ್ಣಗೆ ನಿಂತಿದೆ. ಇವನು ಹತ್ತಿರ ಬಂದದ್ದೇ ತಡ, ಕಾಲು ಝಾಡಿಸಿತು!

“ಕುದುರಿ ಬರೋಬ್ಬರಿ ಐತಲ್ಲೋ ಮಾರಾಯಾ,” ಎಂದ ಅಣವೀರಪ್ಪ. “ನಿನ್ನ ಕಂಡ್ರ ಅಷ್ಟ ಆಗವಲ್ದು ಅದಕ್ಕ.”

“ಹುಚ್ಚನಂಗ ಮಾತಾಡಬ್ಯಾಡ. ಇಪ್ಪತ್ತಾರ ವರ್ಷ ಆತು ನನಗ ಕುದುರಿ ನೋಡಾಕ ಹತ್ತಿ!”

ಕಟಕಟೆಯ ಆಚೆ ನಿಂತು ಎಲ್ಲವನ್ನೂ ನೋಡುತ್ತಿದ್ದ ನಜ್ಮಾ ಬಾಯಿ ಬಿಟ್ಟಳು. “ಅಜೀ, ನಿಮ್ಮ ವಾಸನಿನೇ ನಿಮ್ಮ ಮೈಮ್ಯಾಲ ಇಲ್ಲ. ಆಕಿ ಹೆಂಗ ಗುರ್ತ ಹಿಡೀಬೇಕ್ರಿ? ನನಗ ಸುದ್ದಾ ಯಾರೋ ಪರಗಂಡಸಿನ ಬಾಜೂಕ ನಿಂತಂಗ ಆಗೈತಿ.”

ಬಾಷಾ ತನ್ನ ಮುಂಗೈ ಮೂಸಿಕೊಂಡ. ಊರಿಗೆಲ್ಲ ಕುದುರೆಯ ಮನಸ್ಸು ಹೇಳುವ ಈ ಪಂಡಿತನಿಗೆ ಕುದುರೆಗೂ ಮೂಗಿದೆ ಎನ್ನುವುದು ಆಗ ಹೊಳೆಯಿತು. ಮರುಗಳಿಗೆ ಬಿದ್ದಂಬೀಳ ಓಡಿ ಆಫೀಸಿನ ಬಾಗಿಲಲ್ಲೇ ಸಾಹೇಬರನ್ನು ಅಡ್ಡಗಟ್ಟಿದ.

“ತಪ್ಪು ಕುದುರೆಯದ್ದಲ್ಲ ಸಾಹೇಬ್, ನನ್ನದು,” ಎಂದು ಹಿಂದಿಯಲ್ಲಿ ತೊದಲಿದ. ಆಫೀಸಿನ ಅಷ್ಟೂ ಜನರ ಎದುರು ಅತ್ತರಿನ ಕತೆ ಹೇಳುವಾಗ ಅವನ ಕಿವಿಗಳು ಕೆಂಪಾಗಿದ್ದವು. ಇಷ್ಟು ವರ್ಷದಲ್ಲಿ ತನ್ನ ಕಣ್ಣು ತಪ್ಪಿತೆಂದು ಅವನು ಒಪ್ಪಿಕೊಂಡದ್ದು ಇದೇ ಮೊದಲು. ಸಾಹೇಬರು ಮೂಗು ಮುಚ್ಚಿಕೊಂಡು ನಕ್ಕರು. “ಹತ್ತು ನಿಮಿಷ ಕೊಟ್ಟಿದ್ದೇನೆ. ಡಾಕ್ಟರರೂ ನೋಡಲಿ.”

ಬಾಷಾ ನಲ್ಲಿಯ ಕೆಳಗೆ ಕೂತು ತಿಕ್ಕಿಕೊಂಡ. ಬೇಗಮ್ ರಾತ್ರಿ ಹೊದೆಯುವ ಕಂಬಳಿಯಿಂದಲೇ ಮೈ ಒರೆಸಿಕೊಂಡ. ಮೊಳೆಯ ಮೇಲಿದ್ದ ಕೆಲಸದ ಅಂಗಿ ತೊಟ್ಟು ಎದುರು ನಿಂತಾಗ ಬೇಗಮ್ ಅವನ ಕಂಕುಳಿಗೆ ಮೂತಿ ತೂರಿಸಿ, ಉಸ್ಸೆಂದು ಉಸಿರು ಬಿಟ್ಟು, ಕಿವಿ ಮುಂದಕ್ಕೆ ಮಾಡಿತು. ಡಾಕ್ಟರರು ಸರಿ ಎಂದರು. ಟೊಪ್ಪಿಗೆ ಟೈಗಳ ನಡುವೆ ಆ ಕೊಳಕು ಅಂಗಿಯಲ್ಲೇ ಬಾಷಾ ಸುತ್ತು ಹಾಕಿದ. ಬಹುಮಾನ ಅಣವೀರಪ್ಪನ ಪಾಲಾಯಿತು. ಬೇಗಮ್ ಮೂರನೆಯದಾಗಿ ಬಂತು. ಮುಂದಿನ ಸೀಜನ್ನಿಗೂ ಇರಲಿ ಎಂದರು ಮಾಲೀಕರು. ಬಾಷಾ ಕುದುರೆಯ ಕುತ್ತಿಗೆಗೆ ಮುಖವಿಟ್ಟು ನಾಚಿಕೆಯಿಲ್ಲದೆ ಅತ್ತ.

ಸಂಜೆ ಮನೆಗೆ ಹೋಗುವ ಬೊರಿವಲಿ ಲೋಕಲ್ ರೈಲಿನಲ್ಲಿ ನಜ್ಮಾ ಲೇಡೀಸ್ ಡಬ್ಬಿಗೆ ಹೋಗದೆ ಗಂಡನ ಜೊತೆಗೇ ಹತ್ತಿದಳು. ಬಾಷಾ ಕೂತ ಬೆಂಚಿನ ಕಿಟಕಿ ಬದಿಯವನು ಎರಡು ಸಲ ಮೂಗು ಎಳೆದು ನೋಡಿ, ಎದ್ದು ಬಾಗಿಲ ಕಡೆ ನಡೆದ. ಬಾಷಾನಿಗೆ ಮುಖ ಎತ್ತಲಾಗಲಿಲ್ಲ.

“ನೀ ಲೇಡೀಸ್ ಡಬ್ಬಿಗೆ ಹೋಗಬೇಕಿತ್ತು. ವಾಸನಿ ಹೊಡಿತೈತಿ.”

“ಹೊಡೀಲಿ ಬಿಡ್ರಿ. ಮನಿಗೆ ಬಂದಾವ್ರು ನೀವ ಅಂತ ನನಗರ ಹೆಂಗ ಗೊತ್ತಾಗಬೇಕು?”

ಬಾಷಾ ಖಾಲಿಯಾದ ಜಾಗ ತೋರಿಸಿ ಮೆಲ್ಲಗೆ ಹೇಳಿದ, “ಬೇಗಮ್, ಕಿಡಕಿ ಬಾಜೂಕ ಕೂಡು ಬಾ.”

ನಜ್ಮಾ ಡಬ್ಬಿಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದಳು. “ಕುದುರಿ ಎಲ್ಲೈತ್ರಿ?” ಎಂದಳು. ಎಂದವಳೇ ಸೆರಗು ಸರಿಮಾಡಿಕೊಂಡು ಕಿಟಕಿಯ ಪಕ್ಕ ಕೂತಳು.