ಜರಡಿ ಅಕ್ಕ ಕಸವೆಂದ ಬೆಳಕು

ಸಂಶೋಧನಾ ಕೇಂದ್ರದ ಕೆಳಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಅವರ ಮೇಜು. ಬಾಹ್ಯಾಕಾಶದ ಎಕ್ಸ್-ರೇ ದೂರದರ್ಶಕ ಕಳಿಸಿದ್ದನ್ನು ಮೊದಲು ನೋಡುತ್ತಿದ್ದವರು ಅವರೇ. ಸೂರ್ಯನಿಂದ ಸಿಡಿದ ಕಣಗಳು ಬಡಿದರೆ ಬೆಳಕಿನ ಏರಿಳಿತ ತೋರಿಸುವ ಪರದೆಯ ಗೆರೆ ತಟ್ಟನೆ ಎದ್ದು ಬೀಳುತ್ತದೆ. ಗೆರೆಯ ಅಂಥ ತುಂಡುಗಳನ್ನು ಕಸವೆಂದು ಹೆಕ್ಕಿ ತೆಗೆಯುವುದು ಅವರ ಕೆಲಸ. ಹಾಗಾಗಿ ಎಲ್ಲರಿಗೂ ಅವರು ಜರಡಿ ಅಕ್ಕ.

"ಅಕ್ಕನ ಮುಂದೆ ತಲೆ ಬಾಚ್ಕೊಂಡು ನಿಲ್ಲಬೇಕಪ್ಪ, ಇಲ್ಲಾಂದ್ರೆ ನಮ್ಮನ್ನೂ ಗುಡಿಸಿಬಿಡ್ತಾರೆ" ಎಂದು ಅಲ್ಲಿನ ಇಂಜಿನಿಯರ್ ಒಬ್ಬ ಗೇಲಿ ಮಾಡುತ್ತಿದ್ದ.

ದೂರದರ್ಶಕಕ್ಕೆ ವಯಸ್ಸಾಗಿತ್ತು, ಬ್ಯಾಟರಿ ಸೋಲುತ್ತಿತ್ತು. ಅಕ್ಕನಿಗೆ ಅಚ್ಚುಮೆಚ್ಚಿನ ಸಂಶೋಧಕಿಯೊಬ್ಬಳು ಕಾಡಿ ಬೇಡಿ ಒಂದು ಪುಟ್ಟ ಗ್ಯಾಲಕ್ಸಿಗೆ ಸಮಯ ಪಡೆದಿದ್ದಳು. ಅದರ ನಡುವೆ ಚಿಕ್ಕ ಕಪ್ಪುಕುಳಿಯಿದೆ ಎಂಬುದು ಅವಳ ಅಂದಾಜು. ಚಿಕ್ಕದೆಂದರೂ ಲಕ್ಷ ಸೂರ್ಯರ ತೂಕ. ಅಲ್ಲಿಂದ ಎಕ್ಸ್-ರೇ ಬಂದರೆ ಅವಳ ಮಾತಿಗೆ ಬಲ.

"ಮೊದಲನೇ ದಿನ ಏನೂ ಕಾಣದಿದ್ರೆ ದೂರದರ್ಶಕ ಬೇರೆಯವರಿಗಂತೆ. ಸ್ವಲ್ಪ ನಿಧಾನವಾಗಿ ನೋಡಿ ಅಕ್ಕ."

"ನನಗೇ ಹೇಳ್ಕೊಡ್ತೀಯೇನೇ? ಹೋಗು, ನೆಮ್ಮದಿಯಾಗಿ ಊಟ ಮಾಡು."

ಆ ಗ್ಯಾಲಕ್ಸಿಯ ಗೆರೆ ಬಂತು. ನಿಮಿಷಗಳಲ್ಲೇ ಏರಿತು, ಬಿತ್ತು, ಮತ್ತೆ ಏರಿತು. ಅಕ್ಕ ಅಷ್ಟು ವರ್ಷ ನೋಡಿದ್ದೆಲ್ಲ ದೈತ್ಯ ಕಪ್ಪುಕುಳಿಗಳನ್ನು. ಅವುಗಳ ಬೆಳಕು ದಿನಗಟ್ಟಲೆ ನಿಧಾನವಾಗಿ ಬದಲಾಗುತ್ತದೆ. ಹೀಗೆ ಚಡಪಡಿಸುವುದು ಕಣಗಳೇ ಎಂದುಕೊಂಡರು. ಪಕ್ಕದ ಖಾಲಿ ಆಕಾಶದ ಗೆರೆಯನ್ನೂ ನೋಡಬೇಕೆಂಬುದು ನಿಯಮ. ಕಣಗಳಾದರೆ ಅದೂ ಏರಿರಬೇಕು. ಕಣ್ಣಳತೆ ಪಳಗಿದ ಮೇಲೆ ಅಕ್ಕ ಆ ನಿಯಮವನ್ನು ಕೈಬಿಟ್ಟಿದ್ದರು. ಏರಿದ ತುಂಡುಗಳನ್ನೆಲ್ಲ ಕತ್ತರಿಸಿ, ಏನೂ ಇಲ್ಲವೆಂದು ತಿಳಿಸಿದರು. ದೂರದರ್ಶಕ ಬೇರೆಡೆಗೆ ತಿರುಗಿತು. ವಾರದೊಳಗೆ ಅದರ ಬ್ಯಾಟರಿ ಸತ್ತೇಹೋಯಿತು.

ಕೆಲಸವಿಲ್ಲದೆ ಕೂತ ಒಂದು ಮಧ್ಯಾಹ್ನ ಅಕ್ಕ ಆ ದಿನದ ಖಾಲಿ ಆಕಾಶದ ಗೆರೆಯನ್ನು ತೆರೆದರು. ಅದು ಅಲುಗದೆ ಮಲಗಿತ್ತು. ಹಾಗಾದರೆ ಏರಿದ್ದು ಕಣಗಳಿಂದಲ್ಲ. ಮೆಟ್ಟಿಲು ಹತ್ತಿ ತಾವೇ ಹೋಗಿ ಸಂಶೋಧಕಿಗೆ ಹೇಳಿದರು.

"ಮಣ್ಣು ತಿನ್ನೋ ಕೆಲಸ ಮಾಡಿದೆ ಕಣೇ. ಅದು ನಿನ್ನ ಕಪ್ಪುಕುಳಿದೇ ಬೆಳಕು."

ಸಂಶೋಧಕಿ ತುಂಡುಗಳನ್ನು ಮತ್ತೆ ಜೋಡಿಸಿದಳು. ಕುಳಿ ಚಿಕ್ಕದಾದಷ್ಟೂ ಬೆಳಕು ಬೇಗ ಮಿನುಗುತ್ತದೆ. ಇದು ಹಾಗೇ ಮಿನುಗಿತ್ತು. ಆದರೆ ಒಂದೇ ದಿನದ್ದು. ಕುಳಿಯ ತೂಕ ಹೇಳಲು ಅದು ಸಾಲದು, ಯಾರನ್ನೂ ಒಪ್ಪಿಸಲೂ ಸಾಲದು.

"ಇನ್ನೊಂದು ದೂರದರ್ಶಕ ಹಾರಿಸ್ತಾರಲ್ಲ?" ಅಕ್ಕ ಕೇಳಿದರು.

"ಹಾರಿಸ್ತಾರೆ. ಅಷ್ಟರಲ್ಲಿ ನಾನಿಲ್ಲಿ ಇರಲ್ಲ ಬಿಡಿ ಅಕ್ಕ."

ಬೈಯಲಿಲ್ಲ. ಆ ತಿಂಗಳೇ ಬೇರೆ ಕೆಲಸ ಹುಡುಕಿಕೊಂಡು ಹೋದಳು.

ಅಕ್ಕ ಈಗ ತಾವು ಹಿಂದೆ ಸೋಸಿದ್ದನ್ನೆಲ್ಲ ಒಂದೊಂದಾಗಿ ತೆರೆದು, ಖಾಲಿ ಆಕಾಶದ ಪಕ್ಕದಲ್ಲಿಟ್ಟು ನೋಡುತ್ತಾರೆ. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿಲ್ಲ. ಈವರೆಗೆ ತಪ್ಪಾಗಿ ಕತ್ತರಿಸಿದ ಇಂಥವು ಇನ್ನೂ ಎರಡು ಸಿಕ್ಕಿವೆ.