ಗೌಸಣ್ಣನಿಗೆ ನಾನು ಹೇಳದೆ ಉಳಿದದ್ದು

ಗೌಸಣ್ಣ ಆಂಬುಲೆನ್ಸ್ ಓಡಿಸುವಾಗ ಒಂದು ಕ್ಷಣವೂ ಬಾಯಿ ಮುಚ್ಚುತ್ತಿರಲಿಲ್ಲ. ಹಿಂದೆ ಮಲಗಿದ ರೋಗಿಯ ಊರು, ಹಸು, ತವರು, ನಾಲೆಗೆ ನೀರು ಬಂತೋ ಇಲ್ಲವೋ, ಎಲ್ಲವನ್ನೂ ಕೇಳುತ್ತಾ ಬರುತ್ತಿದ್ದರು. ಉತ್ತರ ಬಾರದಿದ್ದರೂ ಬಿಡುತ್ತಿರಲಿಲ್ಲ. ಯಾಕಣ್ಣ ಇಷ್ಟು ಮಾತು ಎಂದು ಒಮ್ಮೆ ಕೇಳಿದ್ದೆ.

"ಭಯ ಬಿದ್ದೋರ್ಗೆ ಒಬ್ಬ ಮನ್ಸ ಜೊತೇಲವ್ನೆ ಅಂತ ಗೊತ್ತಾಗ್ಬೇಕು ಕಣವ್ವ. ಔಸ್ದಿ ಡಾಕ್ಟ್ರು ಕೊಡ್ತಾರೆ. ನನ್ ತಾವ ಇರೋದು ಇದೊಂದೇಯ."

ಪಾಂಡವಪುರದ ನಮ್ಮ ಆಸ್ಪತ್ರೆ ಶುರುವಾದದ್ದು ಮುಚ್ಚಿಹೋದ ಅಕ್ಕಿ ಗಿರಣಿಯೊಂದರಲ್ಲಿ. ಊರವರೇ ಸೇರಿ ನೆಲ ತೊಳೆದು, ಸುಣ್ಣ ಬಳಿದು, ನಾಲ್ಕು ಮಂಚ ಹಾಕಿದ್ದರಂತೆ. ಗಿರಣಿಯ ಲಾರಿ ಓಡಿಸುತ್ತಿದ್ದ ಗೌಸಣ್ಣ ಅಲ್ಲೇ ಉಳಿದು ವ್ಯಾನಿನ ಡ್ರೈವರಾದರು. ನಾನು ರಿಸೆಪ್ಷನ್ನಿಗೆ ಸೇರುವ ಹೊತ್ತಿಗೆ ಹೆರಿಗೆ ವಾರ್ಡು, ಆಪರೇಷನ್ ಥಿಯೇಟರು ಎಲ್ಲ ಬಂದಿದ್ದವು. ವ್ಯಾನು ಮಾತ್ರ ಒಂದೇ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡ ಮಾಕವಳ್ಳಿಯ ಹೆಂಗಸೊಬ್ಬಳಿಂದ ಅವರು ದಾರಿಯುದ್ದಕ್ಕೂ ಮಕ್ಕಳ ಹೆಸರು ಹೇಳಿಸಿದ್ದರು. ಗುಣವಾದ ಮೇಲೆ ಅವಳು ಅವರೆಕಾಯಿ ಹೊತ್ತು ಬಂದು, "ಆ ಸಾಬ್ರು ನನ್ನ ಕಣ್ ಮುಚ್ಚಕ್ಕೇ ಬುಡ್ನಿಲ್ಲ" ಎಂದು ನಕ್ಕಿದ್ದಳು.

ಒಂದು ಬೆಳಿಗ್ಗೆ ಬೆಳಗೊಳದಿಂದ ಗೌಸಣ್ಣನ ಹೆಂಡತಿ ಫಾತಿಮಾ ಬೀ ಫೋನು ಮಾಡಿದರು. ಗಾಡಿ ಓಡಿಸುವಾಗ ಗಂಡನಿಗೆ ಮಾಡಬಾರದೆಂದು ಆಸ್ಪತ್ರೆಗೇ ಮಾಡಿದ್ದರು. "ಎದೆ ಹಿಂಡ್ತದೆ ಕಣಮ್ಮ. ನಮ್ಮೋರು ವ್ಯಾನ್ ತರ್ತಾರಾ?" ವ್ಯಾನು ಬಸುರಿಯೊಬ್ಬಳನ್ನು ಕರೆತರಲು ನಾಗಮಂಗಲದ ಆಚೆ ಹೋಗಿತ್ತು. ಆಟೋದಲ್ಲಿ ಬನ್ನಿ ಎಂದೆ. ಆಮೇಲೆ ಗೌಸಣ್ಣನಿಗೆ ಫೋನು ಮಾಡಿದೆ. ಹಿಂದಿನಿಂದ ಬಸುರಿಯ ನರಳಾಟ ಕೇಳುತ್ತಿತ್ತು.

"ಏನವ್ವ?"

"ಎಲ್ಲಿದ್ದೀರಿ?"

"ಮೇಲುಕೋಟೆ ತಿರುವು ದಾಟಿವ್ನಿ. ಬೋ ರಕ್ತ ಹೋಗ್ತಾದೆ, ಡಾಕ್ಟ್ರಿಗೆ ರೆಡಿ ಇರಕ್ ಹೇಳು. ಬೇರೆ ಏನಾರಾ?"

"ಏನಿಲ್ಲಣ್ಣ" ಎಂದೆ.

ಬಸುರಿ ಉಳಿದಳು, ಮಗುವೂ ಉಳಿಯಿತು. ಗೌಸಣ್ಣ ಕೈ ತೊಳೆದು ನಗುತ್ತಾ ಬಂದಾಗ ಡಾಕ್ಟರು ಅವರ ಹೆಗಲು ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದರು. ಫಾತಿಮಾ ಬೀ ಆಟೋದಲ್ಲೇ ತೀರಿಕೊಂಡಿದ್ದರು. ಕೊನೆಯವರೆಗೂ ಪ್ರಜ್ಞೆ ಇತ್ತು, 'ಅವ್ರು ಎಲ್ಲವ್ರೆ' ಎಂದು ಕೇಳುತ್ತಲೇ ಇದ್ದರು ಎಂದು ಜೊತೆಗೆ ಬಂದಿದ್ದ ನೆರೆಯಾಕೆ ಹೇಳಿದಳು.

ಎರಡು ವರ್ಷ ಅವರು ಆ ವಿಷಯ ಎತ್ತಲಿಲ್ಲ. ಕಣ್ಣು ಮಂಜಾಗಿ ಕೆಲಸ ಬಿಟ್ಟ ದಿನ ಕೀಲಿ ಕೊಡಲು ಬಂದವರು ನನ್ನ ಮೇಜಿನ ಮುಂದೆ ನಿಂತರು.

"ಅವತ್ತು ಯಾಕವ್ವ ಹೇಳ್ನಿಲ್ಲ?"

"ಹೇಳಿದ್ರೆ ವ್ಯಾನು ತಿರುಗಿಸ್ತಿದ್ರಾ ಅಣ್ಣ?"

"ತಿರುಗುಸ್ತಿರ್ನಿಲ್ಲ. ಆ ಹೆಣ್ಮಗ ಸಾಯ್ತಿತ್ತು." ಕೀಲಿಯನ್ನು ಮೇಜಿನ ಮೇಲಿಟ್ಟರು. "ಹೇಳಿದ್ರೆ ಫೋನ್ನಾಗೆ ಫಾತಿಮಾ ಜೊತೆ ಮಾತಾಡ್ಕಂಡ್ ಬತ್ತಿದ್ದೆ."

ಅದೇ ಕೊನೆಯ ಭೇಟಿ.

ಅವರು ಶ್ರೀರಂಗಪಟ್ಟಣದ ಮಗಳ ಮನೆಗೆ ಹೋದರು. ಕಳೆದ ತಿಂಗಳು ಸುದ್ದಿ ಬಂತು. ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಮಗಳು ನೀರು ಕೊಟ್ಟು ಪಕ್ಕದಲ್ಲಿ ಕೂತಳು. "ನಮ್ ಅಬ್ಬಾ ನಿಮ್ ವಿಷ್ಯ ಹೇಳ್ತಿದ್ರು ಅಕ್ಕ. 'ಆ ಸುದ್ದಿ ಎದೇಲಿ ಮಡಿಕ್ಕಂಡು ನಾನ್ ಬರೋಗಂಟ ಆ ಹುಡ್ಗಿ ಒಬ್ಳೇ ಕೂತಿದ್ಲಲ್ಲ, ಪಾಪ' ಅಂತ."

ಲೋಟ ಕೈಯಲ್ಲೇ ಇತ್ತು.